ಮಾದೇವಿಯ ಸೀರೆ ಒಣಗುವವರೆಗೆ

ನಮ್ಮೂರಿನಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಹೊರಟರೆ ಮೊದಲು ವಿಚಾರಿಸುವುದು ಆ ಮನೆಯಲ್ಲಿ ಡ್ರೈಯರ್ ಇದೆಯೇ ಎಂದು. ಹೆಣ್ಣಿನ ಕಡೆಯವರು ಕೇಳುವುದೂ ಅದನ್ನೇ. ಟಿ.ವಿ., ಫ್ರಿಜ್ಜು, ಬೈಕು ಎಲ್ಲ ಆಮೇಲೆ. ಮೈಯಿಂದ ಕೊನೆಗೆ ಕಳಚಿಟ್ಟ ಬಟ್ಟೆ ನೀರಿಗೆ ಬಿದ್ದರೆ ಅದನ್ನು ಉಟ್ಟವರ ದನಿ ನಿಂತುಹೋಗುತ್ತದೆ. ಬಟ್ಟೆ ಒಣಗಿದ ಮೇಲೆ ಮರಳಿ ಬರುತ್ತದೆ. ಅಜ್ಜಿಯ ಕಾಲದಿಂದಲೂ ಹೀಗೇ ಇದೆ. ಯಾಕೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಶಾಲೆಯ ಮೇಷ್ಟ್ರುಗಳು ಭಾನುವಾರ ಮಾತ್ರ ಒಗೆಸುತ್ತಾರೆ. ಅಳುವ ಕೂಸಿನ ಜುಬ್ಬ ಮಧ್ಯಾಹ್ನ ನೆನೆಹಾಕಿ ತಾಯಂದಿರು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಗಂಡ ಹೆಂಡತಿ ಜಗಳವಾದರೆ ಒಬ್ಬರಲ್ಲ ಒಬ್ಬರು ಮತ್ತೊಬ್ಬರ ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಎಸೆದುಬಿಡುತ್ತಾರೆ. ಮಳೆ ಹಿಡಿದುಕೊಂಡ ವಾರದಲ್ಲಿ ಊರಿನ ಅರ್ಧ ಜನ ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಾರೆ, ಕರೆಂಟು ಹೋದರೆ ಉಳಿದರ್ಧವೂ ಅಷ್ಟೇ. ಹಾಗಾಗಿ ನನ್ನಂಥವರಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. ನಾನು ಸುಗುಣ. ವಾಷಿಂಗ್ ಮೆಷಿನ್ನು, ಡ್ರೈಯರ್ ರಿಪೇರಿ ಮಾಡುವವಳು. ಸೀರೆಯ ಮೇಲೆ ಖಾಕಿ ಕೋಟು ತೊಟ್ಟು ಸ್ಕೂಟರಿನಲ್ಲಿ ಓಡಾಡುವ ಹೆಂಗಸು ಅಂದರೆ ಯಾರು ಬೇಕಾದರೂ ನನ್ನ ಅಂಗಡಿ ತೋರಿಸುತ್ತಾರೆ. ಮೊದಲೇ ನಂದು ಗಾಬರಿ ಸ್ವಭಾವ. ಫೋನು ಬಡಿದುಕೊಂಡರೆ ಸಾಕು, ಯಾರ ಗಂಟಲು ಎಲ್ಲಿ ಸಿಕ್ಕಿಕೊಂಡಿತೋ ಅಂತ ಚೀಲಕ್ಕೆ ಕೈ ಹಾಕುತ್ತೇನೆ.

ಆವತ್ತು ಬಿಸಿಲು ಇಳಿಯುವ ಹೊತ್ತಿಗೆ ಫೋನು ಮಾಡಿದವರು ತಾಯಮ್ಮ. ತರಕಾರಿ ಮಾರುವ ಮಾದೇವಿಯ ಅತ್ತೆ. "ಸುಗುಣಕ್ಕ, ಬೇಗ ಬಾರವ್ವ. ನಮ್ ಜಾನು ಕಬ್ಬಿನ ಗದ್ದೇಲಿ ಸೇರ್ಕೊಂಡೈತೆ. ಇವಳ ಸೀರೆ ಮೆಷಿನ್ನಾಗೆ ಸಿಗಾಕ್ಕೊಂಡೈತೆ" ಅಂದರು. ಅಷ್ಟು ಹೇಳಿ ಅತ್ತರು. ನಾನು ಚೀಲ ಹೆಗಲಿಗೇರಿಸಿ ಹೊರಟೆ. ಬೀಗ ಹಾಕಿದೆನೋ ಇಲ್ಲವೋ ಅಂತ ದಾರಿಯುದ್ದಕ್ಕೂ ಅನುಮಾನ.

ಮಾದೇವಿಯ ದನಿ ಗೊತ್ತಿಲ್ಲದವರು ನಮ್ಮೂರಲ್ಲಿ ಇಲ್ಲ. ಸಂತೆಯಲ್ಲಿ ಅವಳು "ಸೊಪ್ಪೋ" ಅಂತ ಕೂಗಿದರೆ ಕೆರೆ ಏರಿಯ ಮೇಲೆ ಹೋಗುವವರು ತಿರುಗಿ ನೋಡುತ್ತಿದ್ದರು. ಪಕ್ಕದ ಅಂಗಡಿಯವರು ಇವಳ ಕೂಗಿಗೆ ಬಂದ ಗಿರಾಕಿಗಳಲ್ಲಿ ಉಳಿದವರನ್ನು ಹಿಡಿದುಕೊಂಡು ಬದುಕುತ್ತಿದ್ದರು. ಅಂಥವಳು ಮನೆಯ ಬಾಗಿಲಲ್ಲಿ ಬಾಯಿ ತೆರೆದು ಮುಚ್ಚುತ್ತ ನಿಂತಿದ್ದಳು, ಸದ್ದೇ ಇಲ್ಲ. ಅವಳ ಕಾಲೆಲ್ಲ ಕಬ್ಬಿನ ಗರಿ ಕೊಯ್ದ ಗೀರು. ಗದ್ದೆಯೊಳಗೆ ಹೋಗಿ ಹುಡುಕಿ ಬಂದಿದ್ದಾಳೆ ಅಂತ ನೋಡಿದರೇ ತಿಳಿಯುತ್ತಿತ್ತು.

ನಾನು ಬಟ್ಟೆಮನೆಗೆ ನಡೆಯುವಾಗ ತಾಯಮ್ಮ ಹಿಂದೆಯೇ ಬಂದು ನಡೆದದ್ದು ಹೇಳಿದರು. ಐದು ವರ್ಷದ ಜಾನುವಿಗೆ ಮಧ್ಯಾಹ್ನ ಅಮ್ಮ ಬೈದಿದ್ದಾಳೆ, ಹುಣಸೆಹಣ್ಣಿನ ಬುಟ್ಟಿ ಮಗುಚಿದ್ದಕ್ಕೆ. ಹುಡುಗಿ ಒಳಗೆ ಓಡಿದ ಮೇಲೂ ಅಂಗಳದಿಂದಲೇ ಬೈಯುತ್ತ ಬೈಯುತ್ತ ಇದ್ದಕ್ಕಿದ್ದಂತೆ ಮಾದೇವಿಯ ದನಿ ನಿಂತಿದೆ. ಹುಡುಗಿ ಹಿತ್ತಲಿನಿಂದ ಓಡಿ ನಾಲೆ ದಾಟಿ ಕಬ್ಬಿನೊಳಗೆ ನುಗ್ಗಿದ್ದನ್ನು ದನ ಕಾಯುವವರು ನೋಡಿದ್ದಾರೆ. ಆವಾಗಿನಿಂದ ಅಪ್ಪ ಲೋಕೇಶ ಬೀದಿಯವರನ್ನೆಲ್ಲ ಕಟ್ಟಿಕೊಂಡು ಕರೆಯುತ್ತಿದ್ದಾನೆ. "ಕರೆದಷ್ಟೂ ಒಳೊಳಗೇ ಹೋಗ್ತಾಳಂತೆ ಕಣವ್ವ. ಕಬ್ಬು ಅಲ್ಲಾಡೋದು ಕಾಣ್ತದೆ, ಮಗ ಕಾಣಾಕಿಲ್ಲ. ಒಳಗೆ ಹಳೇ ಬಾವಿಗಳವೆ, ಒಂದಕ್ಕೂ ಕಟ್ಟೆ ಇಲ್ಲ" ಅಂದರು. ಆ ಗದ್ದೆಯ ಬಾವಿಗಳು ಎಷ್ಟಿವೆ, ಎಲ್ಲಿವೆ ಅಂತ ಅದರ ಒಡೆಯನಿಗೇ ಸರಿಯಾಗಿ ಗೊತ್ತಿಲ್ಲ. ಬಾಯಿಗೆಲ್ಲ ಬಳ್ಳಿ ಹಬ್ಬಿದೆ.

ಜಾನುವಿನ ಅಭ್ಯಾಸ ನನಗೂ ಗೊತ್ತಿತ್ತು. ಹೆದರಿದರೆ ಸಂದಿಗೆ ಸೇರುವ ಮಗು, ಅಮ್ಮ ಬಂದು "ನನ್ ಸಿಹಿಗುಂಬಳ" ಅಂತ ಕರೆಯುವವರೆಗೂ ಹೊರಗೆ ಬರುವುದಿಲ್ಲ. ಹಿಂದೊಮ್ಮೆ ನಾನು ರಿಪೇರಿಗೆ ಬಂದಾಗ ನನ್ನ ಡ್ರಿಲ್ಲಿನ ಸದ್ದಿಗೆ ಮಂಚದ ಕೆಳಗೆ ಹೊಕ್ಕವಳನ್ನು ಅಪ್ಪ ಮಿಠಾಯಿ ತೋರಿಸಿ, ಅಜ್ಜಿ ದೇವರ ಆಣೆ ಹಾಕಿ ಕರೆದರೂ ಬಂದಿರಲಿಲ್ಲ. ಸಂತೆಯಿಂದ ಮಾದೇವಿ ಬಂದು ಒಂದು ಮಾತು ಕರೆದದ್ದೇ ತಡ, ಜೇಡರಬಲೆ ಮೆತ್ತಿಕೊಂಡು ಈಚೆ ಬಂದಿದ್ದಳು. ಈಗ ಆ ಒಂದು ಮಾತೇ ಇಲ್ಲ. ಫೋನಿನಲ್ಲಿ ಮಾದೇವಿಯ ದನಿ ಹಿಡಿದಿಟ್ಟದ್ದು ಬೇಕಾದಷ್ಟಿತ್ತು. ಆದರೆ ಸೀರೆ ಒದ್ದೆಯಾಗಿರುವಷ್ಟು ಹೊತ್ತು ಹಿಡಿದಿಟ್ಟ ದನಿಯೂ ಕೇಳುವುದಿಲ್ಲ. ತಾಯಮ್ಮ ಹಚ್ಚಿ ತೋರಿಸಿದರು. ಹುಟ್ಟುಹಬ್ಬದ ವಿಡಿಯೋದಲ್ಲಿ ಎಲ್ಲರೂ ಹಾಡುತ್ತಿದ್ದರು, ಮಾದೇವಿಯ ತುಟಿ ಮಾತ್ರ ಸುಮ್ಮನೆ ಆಡುತ್ತಿತ್ತು.

ಬಟ್ಟೆಮನೆಯಲ್ಲಿ ಮುಂದಿನಿಂದ ಬಾಗಿಲು ತೆರೆಯುವ ಮೆಷಿನ್ನು. ಗಾಜಿನಾಚೆ ಬರೀ ನೊರೆ, ನಡುವೆ ಹಸಿರು ಸೀರೆಯ ಒಂದು ಮಡಿಕೆ. ಬಾಗಿಲು ಬಿಗಿದುಕೊಂಡಿತ್ತು. ನೀರು ಹೊರಹಾಕಲು ಒತ್ತಿದರೆ ಕೆಳಗಿನ ಪಂಪು ಗುಂಯ್ ಅನ್ನುತ್ತಿತ್ತು ಅಷ್ಟೆ, ತಿರುಗುತ್ತಿರಲಿಲ್ಲ. ಪಕ್ಕದ ಮನೆಯವರೊಬ್ಬರು ಒನಕೆ ಹಿಡಿದು ನಿಂತಿದ್ದರು, ಗಾಜು ಒಡೆಯಲು. ನಾನು ಅವರ ಮೇಲೆ ರೇಗಿದೆ. "ಗಾಜು ಚುಚ್ಚಿ ಸೀರೆ ಹರಿದರೆ? ಹಜಾಮ ಪುಟ್ಟಸ್ವಾಮಿ ಹೆಂಗೆ ಮಾತಾಡ್ತಾನೆ ಮರೆತೋಯ್ತಾ?" ಪುಟ್ಟಸ್ವಾಮಿಯ ಅಂಗಿ ಒಗೆಯುವಾಗ ಹರಿದು ಎಷ್ಟೋ ಕಾಲವಾಯಿತು, ಅವನ ಮಾತು ಈಗಲೂ ಅಲ್ಲಲ್ಲಿ ತುಂಡಾಗುತ್ತದೆ. ಅವರು ಒನಕೆಯನ್ನು ಮೂಲೆಗಿಟ್ಟರು.

"ಬೇಕಂತ್ಲೇ ಹಾಕವ್ಳೆ" ಅಂದರು ತಾಯಮ್ಮ ಹಿಂದಿನಿಂದ. "ಬೆಳಗ್ಗೆ ನನ್ ಜೊತೆ ಮಾತು ಬೆಳೀತು. ಮಾತೇ ಬ್ಯಾಡ ಅಂತ ಸೀರೆ ನೀರಿಗಾಕ್ಕೊಂಡು ಕುಂತವ್ಳೆ." ಮಾದೇವಿ ತಲೆ ಅಲ್ಲಾಡಿಸಿದಳು, ಕೈ ಅಲ್ಲಾಡಿಸಿದಳು, ಕೊನೆಗೆ ಗೋಡೆಗೆ ಹಣೆ ಇಟ್ಟು ನಿಂತಳು. ದನಿ ಇಲ್ಲದವರ ಪರವಾಗಿ ವಾದ ಮಾಡುವುದು ಕಷ್ಟ. ನಾನು ಮೆಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಮೆಷಿನ್ನು ಕೆಟ್ಟರೆ ನಾನು ಮೊದಲು ನೋಡುವುದು ಅದನ್ನು ಕೊನೆಗೆ ಮುಟ್ಟಿದವರು ಏನು ಮಾಡಿದ್ದಾರೆ ಅಂತ. ತಿರುಗಣಿ ಕಂಬಳಿ ಒಗೆಯುವ ಗುರುತಿಗೆ ನಿಂತಿತ್ತು. ಒಂದು ಸೀರೆಗೆ ಯಾವ ಹೆಂಗಸೂ ಅಲ್ಲಿ ಇಡುವುದಿಲ್ಲ. ಸೋಪಿನ ಪುಡಿ ಹಾಕುವ ಡಬ್ಬಿ ಒಣಗಿತ್ತು, ಪುಡಿಯೆಲ್ಲ ನೇರ ಡ್ರಮ್ಮಿಗೇ ಬಿದ್ದಿತ್ತು. ಖಾಲಿ ಪೊಟ್ಟಣ ನೆಲದ ಮೇಲಿತ್ತು, ಹಲ್ಲಿನಿಂದ ಕಚ್ಚಿ ಹರಿದದ್ದು.  ಕೆಳಗಿನ ಮುಚ್ಚಳ ತೆಗೆದು ಸಣ್ಣ ಕೊಳವೆಯಿಂದ ನೀರನ್ನು ತಟ್ಟೆ ತಟ್ಟೆಯಾಗಿ ಬಸಿದೆ. ನೊರೆ ಮುಗಿಯಲೊಲ್ಲದು. ಆಚೆಯಿಂದ ಗಂಡಸರ ಕೂಗು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ಕಸ ತಡೆಯುವ ಫಿಲ್ಟರು ತಿರುಪಿ ಎಳೆದಾಗ ಪಂಪಿನ ರೆಕ್ಕೆಗೆ ಸಿಕ್ಕಿಕೊಂಡಿದ್ದು ಕೈಗೆ ಬಂತು. ಚಿಟ್ಟೆಯ ಆಕಾರದ ಹಳದಿ ತಲೆಪಿನ್ನು, ಅದರಲ್ಲಿ ಎರಡು ಎಳೆ ಕೂದಲು.

ಅದನ್ನು ಅಂಗೈ ಮೇಲಿಟ್ಟು ತೋರಿಸಿದೆ. "ನಿಮ್ ಸೊಸೆ ಅಲ್ಲ ತಾಯಮ್ಮ. ಜಾನು. ಬೈಗುಳ ನಿಲ್ಲಲಿ ಅಂತ ಒಗೆಯೋ ಬುಟ್ಟೀಲಿ ಇವಳು ಬಿಚ್ಚಿಟ್ಟಿದ್ದ ಸೀರೆ ತಗೊಂಡು ಒಳಕ್ಕೆ ತುರುಕಿದಾಳೆ. ಬಗ್ಗಿದಾಗ ಪಿನ್ನು ಬಿದ್ದೈತೆ." ತಾಯಮ್ಮ ಪಿನ್ನನ್ನು ಎತ್ತಿಕೊಂಡು ಸೆರಗಿನಿಂದ ಒರೆಸುತ್ತಲೇ ಇದ್ದರು, ಸೊಸೆಯ ಮುಖ ನೋಡಲಿಲ್ಲ. ಮಾದೇವಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಅವಳಿಗೆ ಮಿಕ್ಕದ್ದನ್ನೂ ಹೇಳಲೇಬೇಕಾಗಿತ್ತು. "ಮೆಷಿನ್ನು ನಿಂತೋಯ್ತು, ನಿನ್ ದನಿ ವಾಪಸ್ ಬರಲಿಲ್ಲ. ಅಮ್ಮನ ದನಿ ತಾನೇ ಹಾಳುಮಾಡ್ಬಿಟ್ಟೆ ಅಂತ ಓಡೋಗಿದಾಳೆ ಕಣಮ್ಮ. ಅದಕ್ಕೇ ಅಪ್ಪ ಕರೆದಷ್ಟೂ ದೂರ ಹೋಗ್ತಿರೋದು."

ಪಂಪು ತಿರುಗಿತು. ನೊರೆ ಇಳಿಯಿತು. ಸೀರೆ ಹಿಂಡಲೆಂದು ಮೆಷಿನ್ನನ್ನು ಒಮ್ಮೆ ಜೋರಾಗಿ ತಿರುಗಿಸಿದೆ. ಬಾಗಿಲು ಟಕ್ಕೆಂದು ಬಿಟ್ಟುಕೊಂಡಾಗ ಮಾದೇವಿಯ ಗಂಟಲಿನಿಂದ ಕುದಿಯುವ ಪಾತ್ರೆಯ ಮುಚ್ಚಳದಂಥ ಸಣ್ಣ ಸದ್ದು ಬಂತು. ಹಸಿ ಸೀರೆಯ ದನಿ ಅಷ್ಟೇ. ಹಗ್ಗದ ಮೇಲೆ ಹರವಿದರೆ ಬೆಳಗಾಗಬೇಕು, ಒಲೆಯ ಮುಂದೆ ಹಿಡಿದರೂ ಅಷ್ಟುದ್ದದ ಸೀರೆಗೆ ರಾತ್ರಿಯಾಗುತ್ತದೆ. ಇಸ್ತ್ರಿ ಹಾಕುವಂತಿಲ್ಲ, ಒದ್ದೆ ಬಟ್ಟೆಗೆ ಕಾದ ಇಸ್ತ್ರಿ ತಾಗಿದರೆ ಉಟ್ಟವರ ಗಂಟಲು ಬೊಬ್ಬೆ ಏಳುತ್ತದೆ. ಸೀರೆಯನ್ನು ಪಕ್ಕದಲ್ಲಿದ್ದ ಡ್ರೈಯರಿಗೆ ಹಾಕಿ ಒತ್ತಿದೆ. ಡ್ರಮ್ಮು ತಿರುಗಿತು, ಆದರೆ ಕೈ ಇಟ್ಟರೆ ತಣ್ಣಗಿನ ಗಾಳಿ.

 ಹಿಂಬದಿಯ ಹಲಗೆ ಬಿಚ್ಚಿ ಮೀಟರು ಇಟ್ಟು ನೋಡಿದೆ. ಕಾಯಿಸುವ ಸುರುಳಿ ಚೆನ್ನಾಗಿತ್ತು. ಗಾಳಿ ಹೋಗುವ ಕೊಳವೆಯಲ್ಲಿ ನೂಲಿನ ಹೊಟ್ಟು ಮೆತ್ತೆಯಂತೆ ಕಟ್ಟಿಕೊಂಡು ಒಳಗೆ ಬಿಸಿ ಏರಿ ಪುಟ್ಟ ಫ್ಯೂಸು ಹಾರಿಹೋಗಿತ್ತು. ಬಿಸಿ ಮಿತಿಮೀರಿದರೆ ಬಟ್ಟೆ ಸುಡದಂತೆ ಕರೆಂಟು ತಡೆಯುವುದು ಅದೊಂದೇ. ಚೀಲ ಸುರುವಿ ಹುಡುಕಿದೆ. ಬೆಳಗ್ಗೆಯಷ್ಟೆ ಕೊನೆಯದನ್ನು ಬೇರೆ ಮನೆಗೆ ಹಾಕಿದ್ದು ನೆನಪಾಯಿತು. ಅಂಗಡಿಯಲ್ಲೂ ಇರಲಿಲ್ಲ, ಪೇಟೆಯಿಂದ ತರಿಸಬೇಕು. ಡ್ರೈಯರ್ ಇದ್ದ ಅಕ್ಕಪಕ್ಕದವರೆಲ್ಲ ಬೀಗ ಹಾಕಿಕೊಂಡು ಜಾನುವನ್ನು ಹುಡುಕಲು ಗದ್ದೆಯ ಕಡೆ ಹೋಗಿದ್ದರು.

ಫ್ಯೂಸಿನ ಎರಡು ತುದಿಗೆ ಒಂದು ತುಂಡು ವೈರು ಕಟ್ಟಿದರೆ ಡ್ರೈಯರ್ ಕಾಯುತ್ತದೆ. ಅದು ಯಾರಿಗೆ ಬೇಕಾದರೂ ಗೊತ್ತು. ಆದರೆ ಕಾಯುವುದನ್ನು ನಿಲ್ಲಿಸುವವರು ಯಾರೂ ಇರುವುದಿಲ್ಲ. ಸೀರೆ ಸುಟ್ಟರೆ ದನಿಯೂ ಸುಡುತ್ತದೆ. ಹಾಗೆ ದನಿ ಕಳೆದುಕೊಂಡವರು ಊರಲ್ಲಿ ಇದ್ದಾರೆ, ಅವರಿಗೆ ಮತ್ತೆ ಬರುವುದೇ ಇಲ್ಲ. ನಾನು ಈ ಕೆಲಸಕ್ಕೆ ಇಳಿದ ದಿನದಿಂದ ಯಾರ ಮನೆಯಲ್ಲೂ ಆ ವೈರು ಕಟ್ಟಿಲ್ಲ. ಕಾಲು ಹಿಡಿದವರಿಗೂ ಆಗಲ್ಲ ಅಂದಿದ್ದೇನೆ. ಇದನ್ನೆಲ್ಲ ಮಾದೇವಿಗೆ ಹೇಳಿದೆ. 

"ಬ್ಯಾಡ ಕಣವ್ವ" ಅಂದರು ತಾಯಮ್ಮ. "ಗಂಟಲೇ ಹೋದ್ರೆ ಸಂತೇಲಿ ಏನ್ ಮಾಡ್ತಾಳೆ ಇವಳು? ಕೂಗೋದೊಂದೇ ಇವಳ ಆಸ್ತಿ." ಇಷ್ಟು ಹೊತ್ತು ಸೊಸೆಯನ್ನು ಆಡಿಕೊಳ್ಳುತ್ತಿದ್ದವರ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ನನಗೆ ದುಃಖವಾಯಿತು. ಮಾದೇವಿ ನಮ್ಮಿಬ್ಬರನ್ನೂ ನೋಡಲಿಲ್ಲ. ನೆಲದ ಮೇಲೆ ಹರಡಿದ್ದ ನನ್ನ ಸಾಮಾನಿನಲ್ಲಿ ಕೈಯಾಡಿಸಿ ಒಂದು ತುಂಡು ವೈರು ಆರಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವಳ ಕೈ ಬೆಂಕಿಯಂತೆ ಕಾದಿತ್ತು.

ಕಟ್ಟಿದೆ. ಕೊಳವೆಯ ಹೊಟ್ಟನ್ನೆಲ್ಲ ಕಿತ್ತು ಹಾಕಿದೆ. ಒಂದು ಕೈ ಪ್ಲಗ್ಗಿನ ಮೇಲೆ, ಒಂದು ಕೈ ಡ್ರಮ್ಮಿನ ತಗಡಿನ ಮೇಲೆ ಇಟ್ಟು ಕೂತೆ. ತಗಡು ಬೆಚ್ಚಗಾಯಿತು, ಬಿಸಿಯಾಯಿತು. ಕೈ ತಡೆಯಲಾಗದಷ್ಟಾದಾಗ ಪ್ಲಗ್ಗು ಕಿತ್ತೆ, ತಣಿದ ಮೇಲೆ ಮತ್ತೆ ಹಾಕಿದೆ. ಮಾದೇವಿಯ ಗಂಟಲು ಗುಂಯ್ ಅನ್ನುವುದರಿಂದ ಗೊರಗೊರಕ್ಕೆ, ಅಲ್ಲಿಂದ ಪಿಸುಮಾತಿಗೆ ಬಂತು. "ಜಾನು" ಅಂದಳು, ನನ್ನ ಪಕ್ಕದಲ್ಲೇ ಕೂತು. ನನಗೇ ಸರಿಯಾಗಿ ಕೇಳಲಿಲ್ಲ. ಇನ್ನೊಂದು ಸುತ್ತು ಅಂತ ಪ್ಲಗ್ಗು ಹಾಕಿದೆ. ಅದೇ ಹೊತ್ತಿಗೆ ಆಚೆ ಗದ್ದೆಯ ಕಡೆಯಿಂದ ಯಾರೋ ಕಿರುಚಿದರು. ನಾನು ತಲೆ ತಿರುಗಿಸಿದೆ. ಅಷ್ಟೇ ನಾನು ಮಾಡಿದ್ದು, ತಲೆ ತಿರುಗಿಸಿದೆ. ಮೂಗಿಗೆ ಕಮಟು ವಾಸನೆ ಬಂತು.

ಪ್ಲಗ್ಗು ಕಿತ್ತು ಬಾಗಿಲು ತೆರೆದಾಗ ಸೀರೆ ಗರಿಗರಿಯಾಗಿ ಒಣಗಿತ್ತು. ಅಂಚಿನಲ್ಲಿ ಒಂದು ಕಡೆ ಅಂಗೈಯಗಲ ಕಂದಿತ್ತು. ತೂತು ಬಿದ್ದಿರಲಿಲ್ಲ. ಮಾದೇವಿ ಗಂಟಲ ಮೇಲೆ ಕೈ ಇಟ್ಟುಕೊಂಡು ಬಾಯಿ ತೆರೆದಳು. "ಅಕ್ಕ" ಅಂದಳು. ದನಿ ಬಂದಿತ್ತು, ಅವಳದೇ ದನಿ. ಆದರೆ ಅದು ಮೇಲೇರಲಿಲ್ಲ. ಮತ್ತೆ ಮತ್ತೆ ಯತ್ನಿಸಿದಳು, ಕತ್ತಿನ ನರ ಉಬ್ಬಿತು, ದನಿ ಮಾತ್ರ ದೇವರ ಮುಂದೆ ಕೂತು ಮಾತಾಡಿಕೊಳ್ಳುವವರ ದನಿಯಷ್ಟೇ ಬಂತು. ಸುಟ್ಟದ್ದು ಅವಳ ಕೂಗು. ನಾನೇ ಸುಟ್ಟೆ ಅನ್ನಿಸಿ ನನಗೆ ಅಳು ಬಂತು. "ಅಳಬ್ಯಾಡಕ್ಕ, ಬಾ" ಅಂದಳು, ಎದ್ದು ಓಡಿದಳು.

ನಾಲೆಯ ಏರಿಯ ಮೇಲೆ ಊರೇ ನಿಂತಿತ್ತು. ಆಗ ಕಿರುಚಿದ್ದು ಕಬ್ಬಿನಲ್ಲಿ ಹಂದಿ ಕಂಡೆ ಅಂದವರಂತೆ. ಒಬ್ಬೊಬ್ಬರದು ಒಂದೊಂದು ಕೂಗು. ಬಾರವ್ವ, ಹೊಡೆಯಲ್ಲ ಬಾ, ಹಂದಿ ಬರ್ತದೆ ಬಾ. ಸುಮ್ಮನಿರಿ ಅಂದರೆ ಸುಮ್ಮನಿರಿ ಅಂತ ಮತ್ತೆ ಹತ್ತು ಜನ ಕೂಗುತ್ತಿದ್ದರು. ಗದ್ದೆಯ ನಡುವೆ ದೂರದಲ್ಲಿ ಕಬ್ಬಿನ ತುದಿಗಳು ಅಲ್ಲಾಡಿದವು, ನಿಂತವು. ಸೂರ್ಯ ತಾಳೆಮರಗಳ ಹಿಂದಕ್ಕೆ ಇಳಿದಿದ್ದ. ಮಾದೇವಿ ನೀರಿನಂಚಿಗೆ ನಿಂತು ಕರೆದಳು, ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಅವಳ ಗಂಡನಿಗೆ ಕೇಳಿಸಲಿಲ್ಲ.

ಆ ಬುದ್ಧಿ ನನಗೆ ಹೇಗೆ ಬಂತೋ ಗೊತ್ತಿಲ್ಲ. ಲೋಕೇಶನ ರಟ್ಟೆ ಹಿಡಿದು "ಅಂಗಿ ಬಿಚ್ಚು, ನಾಲೆಗೆ ಅದ್ದು" ಅಂದೆ. ಅವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅಂಗಿ ಕಳಚಿ ನೀರಿನಲ್ಲಿ ಮುಳುಗಿಸಿದ. ಅವನ ಕೂಗು ನಡುವೆಯೇ ಕಡಿದುಹೋಯಿತು. ಅದನ್ನು ನೋಡಿ ಪಕ್ಕದವನೂ ಬಿಚ್ಚಿದ. ಗಂಡಸರು ಅಂಗಿ, ಹೆಂಗಸರು ಹೊದ್ದ ಶಾಲು, ಹೆಗಲ ದುಪಟ್ಟ, ಒಬ್ಬರಾದ ಮೇಲೆ ಒಬ್ಬರು ಏರಿಯಿಂದ ಇಳಿದು ನಾಲೆಗೆ ಅದ್ದುತ್ತ ಬಂದರು. ಕೂಗು ಒಂದೊಂದಾಗಿ ಆರುತ್ತ ಏರಿಯ ಆ ತುದಿಯವರೆಗೂ ಸದ್ದಡಗಿತು. ತಾಯಮ್ಮ ಮೈಮೇಲಿದ್ದ ಸ್ವೆಟರು ಬಿಚ್ಚಿ ತಾವೇ ಮುಳುಗಿಸಿದರು. ಉಳಿದದ್ದು ನಾನು. ಖಾಕಿ ಕೋಟು ಕಳಚಿದೆ. ನೀರಿಗೆ ಅದ್ದುವ ಮೊದಲು ಮಾದೇವಿಗೆ ಒಂದೇ ಮಾತು ಹೇಳಿದೆ: "ಬಾ ಅನ್ಬೇಡ. ನಿನ್ ದನಿ ಹೋಗಿಲ್ಲ ಅಂತ ತೋರ್ಸು ಅಷ್ಟೆ."

ನನ್ನ ಗಂಟಲು ಮುಚ್ಚಿತು. ಅಷ್ಟೊಂದು ಜನ ನಿಂತಿದ್ದರೂ ನಾಲೆಯ ನೀರು ಹರಿಯುವುದು ಕೇಳಿಸುವಷ್ಟು ಮೌನ. ಮಾದೇವಿ ನಾಲೆ ದಾಟಿ ಕಬ್ಬಿನ ಮೊದಲ ಸಾಲಿನಲ್ಲಿ ನಿಂತು ಮಾತಾಡಲು ಶುರುಮಾಡಿದಳು. ದಂಟಿನ ಸೊಪ್ಪು, ಸಬ್ಬಸಿಗೆ, ಮೆಂತ್ಯ. ಸಂತೆಯಲ್ಲಿ ಕೂಗುತ್ತಿದ್ದುದನ್ನೇ ಮಗಳ ತಲೆ ಬಾಚುತ್ತ ಹೇಳುವ ಹಾಗೆ ಮೆಲ್ಲಗೆ ಹೇಳುತ್ತ ಹೋದಳು. ಎಳೆ ಬೆಂಡೆ, ನಾಟಿ ಟೊಮೇಟೊ, ಹೀರೆಕಾಯಿ. ಆಮೇಲೆ "ಒಂದು ಸಿಹಿಗುಂಬಳ ಇತ್ತು ನಂದು. ಎಲ್ಲಿಟ್ಟೆನೋ ಕಾಣೆ" ಅಂದಳು. ದೂರದ ಕಬ್ಬು ಅಲ್ಲಾಡಿತು. ಈ ಸಲ ಅದು ನಮ್ಮ ಕಡೆಗೆ ಅಲ್ಲಾಡಿತು. ನಡುವೆ ಒಮ್ಮೆ ನಿಂತುಬಿಟ್ಟಿತು, ಬಾವಿಯೇ ಇರಬೇಕು ಅನ್ನಿಸಿ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ, ಕಿರುಚಿದರೂ ಸದ್ದು ಬರುತ್ತಿರಲಿಲ್ಲ ಅನ್ನುವುದೇ ಮರೆತಿತ್ತು. ಮಾದೇವಿ ಮಾತು ನಿಲ್ಲಿಸಲಿಲ್ಲ. ಸೊಪ್ಪಿನ ಹೆಸರುಗಳನ್ನು ಮೊದಲಿಂದ ಹೇಳಿದಳು. ಕಬ್ಬು ಸುತ್ತಿ ಬಳಸಿ ಮತ್ತೆ ಅಲ್ಲಾಡಿತು.

ಜಾನು ಚಡ್ಡಿಯಲ್ಲಿ ಈಚೆ ಬಂದಳು. ಮೈಯೆಲ್ಲ ಗೀರು, ತಲೆ ಕೆದರಿತ್ತು. ಎರಡು ಕೈಯಲ್ಲೂ ಎದೆಗೆ ಅವಚಿಕೊಂಡದ್ದು ಅವಳ ಫ್ರಾಕು. ಅದರಿಂದ ಗದ್ದೆಯ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಅಮ್ಮನಿಗೆ ದನಿ ಇಲ್ಲದ ಮೇಲೆ ತನಗೂ ಬೇಡ ಅಂತ ಬಿಚ್ಚಿ ಅದ್ದಿಕೊಂಡಿದ್ದಳು ಆ ಮಗು. ಅದಕ್ಕೇ ಇಷ್ಟು ಹೊತ್ತು ಓಗೊಟ್ಟಿರಲಿಲ್ಲ, ಅಳುವುದೂ ಕೇಳಿಸಿರಲಿಲ್ಲ. ಮಾದೇವಿ ಅವಳನ್ನು ಎತ್ತಿಕೊಂಡಳು. ಅಷ್ಟು ಜನ ಒಟ್ಟಿಗೇ ಅತ್ತರು, ಒಂದು ಚೂರೂ ಸದ್ದಾಗಲಿಲ್ಲ.

ಮನೆಗೆ ಬಂದ ಮೇಲೆ ಆ ಫ್ರಾಕನ್ನು ಮೆಷಿನ್ನಿನ ಹತ್ತಿರಕ್ಕೂ ಒಯ್ಯಲು ಮಾದೇವಿ ಬಿಡಲಿಲ್ಲ. ಒಳ್ಳೆಯ ನೀರಲ್ಲಿ ಜಾಲಾಡಿ ಹಿಂಡಿ ಒಲೆಯ ಮುಂದೆ ಹಿಡಿದು ಕೂತಳು, ತಾಯಮ್ಮ ಎದುರಿಗೆ ಕೂತು ಮೊರದಿಂದ ಗಾಳಿ ಬೀಸಿದರು. ಒಬ್ಬರ ಕೈ ಸೋತಾಗ ಇನ್ನೊಬ್ಬರು ಬೀಸಿದರು. ನಾನು ಹೋಗಿ ಡ್ರೈಯರಿನ ವೈರು ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದು ಬಾಗಿಲ ಹತ್ತಿರ ನಿಂತೆ. ಕ್ಷಮೆ ಕೇಳಬೇಕಾಗಿತ್ತು, ಆದರೆ ತೋಳ ಮೇಲಿದ್ದ ನನ್ನ ಕೋಟು ಇನ್ನೂ ನೀರು ಸುರಿಸುತ್ತಿತ್ತು. ಮಾದೇವಿ ನನ್ನ ಕಡೆ ತಿರುಗಿ, "ನಾಳೆಯಿಂದ ಗಿರಾಕಿ ನನ್ ಹತ್ರ ಬಗ್ಗಿ ಕೇಳ್ತಾರೆ ಬಿಡಕ್ಕ" ಅಂದಳು. ನಗಲು ನೋಡಿದಳು, ಆಗಲಿಲ್ಲ. ನನಗೆ ಆ ಮಾತು ಬೈಗುಳಕ್ಕಿಂತ ನೋವಾಯಿತು, ಈಗಲೂ ಆಗುತ್ತದೆ.

ಜಾನು ಅಮ್ಮನ ತೊಡೆಯ ಮೇಲೆ ಕೂತು ಅವಳ ಗಂಟಲಿಗೆ ಅಂಗೈ ಒತ್ತಿಕೊಂಡಿದ್ದಳು. ಮಾದೇವಿ ಸುಮ್ಮನಾದರೆ ಬೆರಳಿನಿಂದ ತಟ್ಟುತ್ತಿದ್ದಳು, ಮತ್ತೆ ಮಾತಾಡು ಅಂತ. ಫ್ರಾಕಿನ ಕೊರಳ ಪಟ್ಟಿ ಮೊದಲು ಒಣಗಿತು, ಆಮೇಲೆ ತೋಳು, ಕೊನೆಗೆ ನೆರಿಗೆ. ಹುಡುಗಿ ಕೆಮ್ಮಿದಳು. ಅಜ್ಜಿಯ ಕೈಯಲ್ಲಿದ್ದ ಹಳದಿ ಪಿನ್ನು ನೋಡಿದಳು, ನನ್ನ ಚೀಲ ನೋಡಿದಳು, ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಅಡುಗೆಮನೆಗೆಲ್ಲ ಕೇಳುವಂತೆ, "ಅಮ್ಮ, ಮೆಷಿನ್ ನಾನ್ ಮುಟ್ಟೇ ಇಲ್ಲ" ಅಂದಳು. ದನಿ ಥೇಟು ಮಾದೇವಿಯದೇ, ನಾಲೆಯ ಆಚೆಗೂ ಕೇಳಿಸಿರಬೇಕು.